ಐಸಿನ ಡಬ್ಬಿ

ಲಿಮೆರಿಕ್ಕಿನ ಹಂದಿಮಾಂಸದ ಕಾರ್ಖಾನೆಯಲ್ಲಿ
ಹದಿನಾಲ್ಕು ವರ್ಷ ನನ್ನದು ಕರುಳಿನ ಮೇಜು.
ಬಿಸಿ ಆರದ ಒಡಲು ಜಾರಿ ಬರುತ್ತಿತ್ತು.
ಜಠರ ಈ ಕಡೆ, ಕರುಳು ಆ ಕಡೆ,
ನಡುವೆ ಅವಿತು ಕೂತ ನಸುಗೆಂಪು ತುಂಡು,
ನಾಯಿಯ ನಾಲಗೆಯಷ್ಟುದ್ದ, ನಮಗೆ ಹೆಸರು ಗೊತ್ತಿರದ್ದು,
ಅದನ್ನು ಮಾತ್ರ ಐಸಿನ ಡಬ್ಬಿಗೆ ಎಸೆಯಬೇಕು. ಬೇಗ.
"ಬೇಗ ಮಾಸ್ಸಿ, ಬಿಟ್ಟರೆ ಅದು ತನ್ನನ್ನು ತಾನೇ ತಿನ್ನುತ್ತದೆ"
ಅನ್ನುತ್ತಿದ್ದ ಮೇಸ್ತ್ರಿ ಡಿನ್ನಿ ಹಾರ್ಟಿಗನ್.

ತಮಾಷೆ ಅಂದುಕೊಂಡಿದ್ದೆ. ಒಂದು ಶುಕ್ರವಾರ
ಮೇಜಿನಡಿ ಬಿದ್ದದ್ದೊಂದು ಯಾರ ಕಣ್ಣಿಗೂ ಬೀಳಲಿಲ್ಲ.
ಸೋಮವಾರ ಅಲ್ಲಿ ತುಂಡಿರಲಿಲ್ಲ,
ಗಂಜಿಯಿತ್ತು.

ನನ್ನ ಬೆರಳ ತುದಿಗಳೂ ಸವೆದವು.
ಗವಸು ಹರಿದಲ್ಲೆಲ್ಲ ಚರ್ಮ ನುಣ್ಣಗಾಗಿ, ಗೆರೆ ಅಳಿಸಿ...
ಮದುವೆಯ ದಿನ ನೋನಿಯ ರೇಷ್ಮೆಗೆ
ಎಲ್ಲೂ ಸಿಕ್ಕಿಕೊಳ್ಳದ ಕೈ. ಅವಳು ಅದನ್ನು ಮೃದು ಅಂದಳು.
ಡಬ್ಬಿ ಎಲ್ಲಿಗೆ ಹೋಗುತ್ತದೆ, ಕೇಳಲಿಲ್ಲ.
ಹಡಗಿಗೆ ಅಂದರು, ಔಷಧಕ್ಕೆ ಅಂದರು.
ಗುರುವಾರ ಕೂಲಿ ಬರುತ್ತಿತ್ತು.

*

ಮೊಮ್ಮಗಳು ಗೊಬ್ನೆಟ್ ಹುಟ್ಟಿದಾಗ ಹಣೆಗೆ ಮುತ್ತಿಟ್ಟೆ:
ಉಪ್ಪು.
ಹೊಳೆಮುಖದ ಗಾಳಿಯಿರಬೇಕು ಅಂದುಕೊಂಡೆ,
ಆಸ್ಪತ್ರೆಯ ಕಿಟಕಿ ಮುಚ್ಚಿತ್ತು.
ನಮ್ಮಜ್ಜಿ ಇದ್ದಿದ್ದರೆ ಮಾತಾಡದೆ ಕೊರಳ ಶಿಲುಬೆ ಮುಟ್ಟಿಕೊಳ್ಳುತ್ತಿದ್ದಳು.

ಕೂಸು ಕುಡಿಯಿತು, ಕುಡಿದೇ ಕುಡಿಯಿತು.
ಕುಡಿದದ್ದು ಮೈಗೆ ಹತ್ತಲಿಲ್ಲ.
ಹಾಲಿನ ಜಿಡ್ಡು ಜಿಡ್ಡಾಗಿಯೇ ಬಟ್ಟೆಗೆ ಬಂತು,
ತೊಡೆಯಲ್ಲಿ ಹಿಡಿಯಲು ಚಿಟಿಕೆ ಮಾಂಸವಿಲ್ಲ.

ಡಾಕ್ಟರಮ್ಮ ಕಾಗದದಲ್ಲಿ ಹೊಟ್ಟೆ ಬರೆದಳು, ಕರುಳು ಬರೆದಳು,
ನಡುವೆ ಇನ್ನೊಂದು ಗೆರೆ ಎಳೆಯುವ ಮುಂಚೆಯೇ
ನನಗೆ ಗುರುತು ಸಿಕ್ಕಿತು.
"ಇವಳಲ್ಲೂ ಇದೆ. ಕಿಣ್ವಗಳು ಹುಟ್ಟುತ್ತವೆ.
ಹೊರಬರುವ ಓಣಿಯಲ್ಲಿ ಅಂಟು ಕಟ್ಟಿಕೊಂಡಿದೆ."
ಕೊಬ್ಬು ಬಿಡಿಸುವುದು ಒಂದು, ಮಾಂಸ ಬಿಡಿಸುವುದು ಒಂದು,
ಆಲೂಗಡ್ಡೆಯ ಪಿಷ್ಟಕ್ಕೆ ಮತ್ತೊಂದು;
ಒಂದರ ಕೆಲಸ ಇನ್ನೊಂದು ಮಾಡದು.
ಇದನ್ನು ನನಗೆ ಯಾರೂ ವಿವರಿಸಬೇಕಿಲ್ಲ.
ಮೂಳೆಯ ಕತ್ತಿಯಿಂದ ಚರ್ಮ ಸುಲಿದ ಹುಡುಗನನ್ನು
ಡಿನ್ನಿ ಅಂದೇ ಮನೆಗೆ ಕಳಿಸಿದ್ದ.

"ಹೊರಗಿನಿಂದ ಕೊಡೋಣ. ಹಂದಿಯಿಂದ ತೆಗೆದದ್ದು.
ನಿಮಗೇನಾದರೂ ಅಭ್ಯಂತರ?"
ಮಗಳು ಬ್ರೀಡ್ ನನ್ನ ಕಡೆ ತಿರುಗಿದಳು.
ನಾನು ಎರಡೂ ಕೈ ಜೇಬಿಗೆ ಹಾಕಿಕೊಂಡೆ.

*

ಈಗ ಅವಳಿಗೆ ಐದು. ಮಧ್ಯಾಹ್ನದ ಊಟ ನನ್ನ ಪಾಲಿಗೆ.
ಕ್ಯಾಪ್ಸೂಲ್ ಬಿಚ್ಚಿ, ಬೇಯಿಸಿ ಹಿಸುಕಿದ ಸೇಬಿನ ಮೇಲೆ ಉದುರಿಸುತ್ತೇನೆ,
ಸಾಸಿವೆಗಿಂತ ಸಣ್ಣ ಕಾಳು.
ಅಗಿಯಬೇಡ, ನುಂಗು. ಅಗಿದರೆ ಬಾಯನ್ನೇ ಸುಟ್ಟಾವು.
ಹೊಟ್ಟೆಯ ಹುಳಿಯಲ್ಲಿ ಕೋಟು ಕಳಚದೆ ದಾಟಿ
ಆಚೆಯ ತಿರುವಿನಲ್ಲಿ ಕಳಚುವ ಶಿಸ್ತು ಅವಕ್ಕೆ.
ರೊಟ್ಟಿಗೆ ಎರಡು. ಬೆಣ್ಣೆ ದಪ್ಪಗಿದ್ದರೆ ಮೂರು.
ಸಾಸೇಜ್ ಇದ್ದ ದಿನ ನಾಲ್ಕು.
"ಹಂದಿ ಅರಗೋಕೆ ಹಂದೀನೇ ಬೇಕಾ, ಅಜ್ಜ?"

ಕ್ಷಮೆ ಕೇಳುವಷ್ಟು ಮೆತ್ತಗಿನವನಲ್ಲ ನಾನು.
ಹಂದಿಗಳಿಗೆ ನನ್ನ ಕ್ಷಮೆಯಿಂದ ಆಗಬೇಕಾದ್ದೂ ಇಲ್ಲ.
ಆದರೂ ಊಟದ ಪ್ರಾರ್ಥನೆಯ ಕೊನೆಗೆ, ಅವಳು ಆಮೆನ್ ಅಂದ ಮೇಲೆ,
ತುಟಿಯೊಳಗೆ ಒಂದು ಸಾಲು ಸೇರಿಸುತ್ತೇನೆ.
ಅದನ್ನು ಇಲ್ಲಿ ಬರೆಯುವುದಿಲ್ಲ.

ನಿನ್ನೆ ತಕ್ಕಡಿ ಮುನ್ನೂರು ಗ್ರಾಂ ಹೆಚ್ಚು ತೋರಿಸಿತು.
ಸಂತೋಷಕ್ಕೆ ಪೊಲೀಸ್ ಆಟ: ಬೆರಳಿಗೆ ನೀಲಿ ಬಳಿದು
ಹಳೆಯ ಲಕೋಟೆಯ ಮೇಲೆ ಒತ್ತಿದೆವು.
ಅವಳದು ಸುಳಿ, ಸುಳಿಯೊಳಗೆ ಸುಳಿ.
ನನ್ನದು ಬರೀ ನೀಲಿ. ಮುಪ್ಪೋ, ಆ ಮೇಜೋ.
"ಅಯ್ಯೋ ಅಜ್ಜ, ನಿನ್ನ ಗೆರೆ ಯಾರು ತಿಂದ್ರು?"

ಕ್ಯಾಪ್ಸೂಲಿನ ಡಬ್ಬಿ ತೋರಿಸಿದೆ.
ನಕ್ಕಳು, ನಂಬಲಿಲ್ಲ, ತಟ್ಟೆ ಮುಂದೆ ತಳ್ಳಿದಳು:
ಇನ್ನೊಂದು ಚೂರು ಬೆಣ್ಣೆ.

ಇನ್ನೊಂದನ್ನು ಬಿಚ್ಚಿದೆ.